ಹತ್ತು ನಿಮಿಷ ಯಾರದು

ಅವಳಿಗೆ ಆ ಹೆಸರಿಟ್ಟದ್ದು ಅತ್ತೆ. ಮದುವೆಯಾಗಿ ಬಂದ ಮೊದಲ ವಾರ ಒಲೆಯ ಮೇಲಿಟ್ಟ ಹಾಲು ಉಕ್ಕಿ ಕಟ್ಟೆಯ ಕೆಳಗೆಲ್ಲ ಹರಿದಾಗ, ಅಡುಗೆಮನೆಯ ಬಾಗಿಲಲ್ಲಿ ನಿಂತು, "ಎಮ್ಮೆಸ್ಸಿ ಓದಿದೋರಿಗೆ ಹಾಲು ಯಾವಾಗ ಉಕ್ಕುತ್ತೆ ಅಂತ ಗೊತ್ತಾಗಲ್ವೇನಮ್ಮ?" ಎಂದರು. ಅಂದಿನಿಂದ ಆ ಮನೆಯಲ್ಲಿ ಅವಳು ಎಮ್ಮೆಸ್ಸಿ. "ಎಮ್ಮೆಸ್ಸಿ, ಉಪ್ಪು ಕಮ್ಮಿ." "ಎಮ್ಮೆಸ್ಸಿ, ನನ್ನ ಕನ್ನಡಕ ಎಲ್ಲಿಟ್ಟೆ?" ನೆಂಟರು ಬಂದಾಗ ಗಂಡನೂ ನಗುತ್ತ ಹಾಗೇ ಕರೆಯುತ್ತಿದ್ದ. ಮೊದಲ ಒಂದೆರಡು ವರ್ಷ ಅದು ಚುಚ್ಚುತ್ತಿತ್ತು. ಆಮೇಲೆ ಅದು ಬಾಗಿಲ ಚಿಲಕದ ಸದ್ದಿನ ಹಾಗಾಯಿತು. ಕಿವಿಗೆ ಬೀಳುತ್ತಿತ್ತು, ಅಷ್ಟೇ.

ಓದಿದ್ದು ರಸಾಯನಶಾಸ್ತ್ರ. ಎರಡು ವರ್ಷ ಕಾಲೇಜೊಂದರ ಪ್ರಯೋಗಾಲಯದಲ್ಲಿ ಹುಡುಗಿಯರಿಗೆ ಗಾಜಿನ ನಳಿಕೆ ಹಿಡಿಯುವುದನ್ನು ಕಲಿಸಿದ್ದಳು. ಮಗಳು ಹುಟ್ಟಿದ ಮೇಲೆ ಕೆಲಸ ನಿಂತಿತು. ಬಿಡು ಎಂದು ಯಾರೂ ಹೇಳಲಿಲ್ಲ. ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಮಾತ್ರ ಕೇಳಿದರು, ಮತ್ತು ಕೇಳಿದವರೆಲ್ಲ ಅವಳ ಮುಖವನ್ನೇ ನೋಡಿದರು.

ಪದವಿಪತ್ರ ಬೀರುವಿನಲ್ಲಿ ಚಳಿಗಾಲದ ಹೊದಿಕೆಗಳ ಕೆಳಗೆ ಸೇರಿತು. ಓದು ಪೂರ್ತಿ ದಂಡವಾಯಿತು ಎನ್ನುವಂತಿರಲಿಲ್ಲ. ಗಂಡನ ಅಂಗಿಯ ಮೇಲಿನ ಶಾಯಿ, ಕೆಟಲ್ಲಿನ ತಳದಲ್ಲಿ ಕಟ್ಟಿಕೊಂಡ ಬಿಳಿ ಪದರ, ಹಾಸಿಗೆಗೆ ಬಿದ್ದ ಔಷಧಿ, ಇವೆಲ್ಲಕ್ಕೂ ಅವಳ ಬಳಿ ಮದ್ದಿತ್ತು. ಅಕ್ಕಪಕ್ಕದವರು ಕಲೆಯಾದ ಬಟ್ಟೆ ಹಿಡಿದು ಬಾಗಿಲು ತಟ್ಟುತ್ತಿದ್ದರು. "ನಮ್ಮನೆ ಎಮ್ಮೆಸ್ಸಿ ಕೈಗೆ ಕೊಡಿ, ಹೊಸದಾಗಿ ಬರುತ್ತೆ" ಎಂದು ಅತ್ತೆಯೇ ಒಳಗೆ ಕರೆಯುತ್ತಿದ್ದರು. ಅತ್ತೆಗೆ ಸೊಸೆಯ ಓದಿನ ಬಗ್ಗೆ ಹೆಮ್ಮೆಯಿತ್ತು. ಅದನ್ನು ಬೈಗುಳದಲ್ಲಿ ಸುತ್ತಿಡುತ್ತಿದ್ದರು.

ಕಟ್ಟಡಕ್ಕೆ ಮೂರು ಮಹಡಿ, ಆರು ಮನೆ. ಆರು ಮನೆಯ ಬಚ್ಚಲು, ಶೌಚಾಲಯ, ಜೊತೆಗೆ ಕೆಳಗಿನಿಂದ ತಾರಸಿಯವರೆಗಿನ ಮೆಟ್ಟಿಲು, ಎಲ್ಲವನ್ನೂ ತೊಳೆಯುವವಳು ಒಬ್ಬಳೇ. ಅವಳನ್ನು ಎಲ್ಲರೂ ಮೆಟ್ಟಿಲಕ್ಕ ಎನ್ನುತ್ತಿದ್ದರು. ಏಳಕ್ಕೆ ಬಂದರೆ ಹನ್ನೊಂದರೊಳಗೆ ಮುಗಿಸಿ ಇನ್ನೊಂದು ಕಟ್ಟಡಕ್ಕೆ ಓಡಬೇಕು. ಹನ್ನೆರಡು ವರ್ಷದಿಂದ ಬರುತ್ತಿದ್ದಳು. ಎಮ್ಮೆಸ್ಸಿ ಪ್ರತಿದಿನ ಒಂದು ಬಕೆಟ್ಟಿನಲ್ಲಿ ಬ್ರಷ್ಷು, ಆಸಿಡ್ ಬಾಟಲಿ, ಬ್ಲೀಚಿಂಗ್ ಪುಡಿಯ ಡಬ್ಬಿ ಇಟ್ಟು ಬಚ್ಚಲ ಬಾಗಿಲಿಗೆ ಇಡುತ್ತಿದ್ದಳು. ಹನ್ನೆರಡು ವರ್ಷ, ಅದೇ ಬಕೆಟ್ಟು, ಅದೇ ಎರಡು ವಸ್ತು, ಪಕ್ಕಪಕ್ಕದಲ್ಲಿ.

ಇತ್ತೀಚೆಗೆ ಮೆಟ್ಟಿಲಕ್ಕನಿಗೆ ಕೆಮ್ಮು ಹತ್ತಿತ್ತು. ಮೆಟ್ಟಿಲ ತಿರುವಿನಲ್ಲಿ ಗೋಡೆ ಹಿಡಿದು ನಿಂತು ಕೆಮ್ಮುತ್ತಿದ್ದಳು. ಎದುರುಮನೆಯಾಕೆ ಮೂಗಿಗೆ ಕೈ ಹಿಡಿದು ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಒಂದು ಭಾನುವಾರ ಬೆಳಿಗ್ಗೆ ಎಮ್ಮೆಸ್ಸಿ ಬೀನ್ಸ್ ಹೆಚ್ಚುತ್ತಿದ್ದಳು. ಪಕ್ಕದಲ್ಲಿ ಮಗಳು ಪರೀಕ್ಷೆಗೆ ಓದುತ್ತಿದ್ದಳು.

"ಅಮ್ಮ, ಕೇಳು. ಬ್ಲೀಚಿಂಗ್ ಪುಡಿಗೆ ಆಮ್ಲ ಸೇರಿಸಿದ್ರೆ ಯಾವ ಅನಿಲ ಬರುತ್ತೆ?"

"ಕ್ಲೋರಿನ್." ಚಾಕು ನಿಲ್ಲಲಿಲ್ಲ.

"ಬಣ್ಣ?"

"ಹಳದಿ ಹಸಿರು."

"ಗುಣ? ಎರಡು ಬರೀಬೇಕು."

"ಗಾಳಿಗಿಂತ ಎರಡೂವರೆ ಪಟ್ಟು ಭಾರ, ಹಾಗಾಗಿ ನೆಲದ ಹತ್ರ ಕೂರುತ್ತೆ. ಕಣ್ಣು, ಶ್ವಾಸಕೋಶ..."

ಬಚ್ಚಲಿನಿಂದ ಕೆಮ್ಮು ಕೇಳಿಸಿತು. ಒಂದಲ್ಲ, ಎರಡಲ್ಲ, ಬಿಡದೆ ಬಂದ ಕೆಮ್ಮು. ಚಾಕು ನಿಂತಿತು. ಅವಳು ಎದ್ದು ಓಡಿದಳು, ಬೀನ್ಸ್ ತಟ್ಟೆ ನೆಲಕ್ಕೆ ಬಿತ್ತು.

ಬಚ್ಚಲ ಬಾಗಿಲು ಮುಚ್ಚಿತ್ತು. ತಳ್ಳಿದಳು. ಮೆಟ್ಟಿಲಕ್ಕ ಕುಕ್ಕರುಗಾಲಲ್ಲಿ ಕೂತು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ನೆಲದ ಮೂಲೆ ಉಜ್ಜುತ್ತಿದ್ದಳು. ಎದುರಿಗೆ ಆಸಿಡ್ಡಿನ ಮೇಲೆ ಉದುರಿಸಿದ ಪುಡಿ ಸಣ್ಣಗೆ ಸದ್ದು ಮಾಡುತ್ತಿತ್ತು. ನೆಲದಿಂದ ಒಂದಡಿ ಎತ್ತರದಲ್ಲಿ ಅವಳ ಮುಖ. ಬಾಗಿಲಲ್ಲಿ ನಿಂತವರಿಗೆ ಬರುವುದು ಬರೀ ವಾಸನೆ. ಕೂತು ಉಜ್ಜುವವಳಿಗೆ ಪೂರ್ತಿ ಅನಿಲ.

"ಏಳಿ, ಏಳಿ, ಹೊರಗೆ ಬನ್ನಿ" ಎಂದು ರಟ್ಟೆ ಹಿಡಿದು ಎಳೆದಳು. ಕಿಟಕಿ ಇಲ್ಲದ ಬಚ್ಚಲು. ಮನೆಯ ಬಾಗಿಲುಗಳನ್ನೆಲ್ಲ ತೆರೆದು, ಮೆಟ್ಟಿಲಕ್ಕನನ್ನು ತಾರಸಿಗೆ ಕರೆದೊಯ್ದಳು. ಗಾಳಿಗೆ ಕೂರಿಸಿ ನೀರು ಕೊಟ್ಟಳು.

ಉಸಿರು ಹದಕ್ಕೆ ಬಂದ ಮೇಲೆ ಮೆಟ್ಟಿಲಕ್ಕ ಮೊದಲು ಕೇಳಿದ್ದು, "ಇದೇನಕ್ಕ, ಇವತ್ತು ಏಳಿ, ಬನ್ನಿ ಅಂತಿದ್ದೀರ? ಕೆಲಸದಿಂದ ತೆಗೀತೀರಾ?"

ಎಮ್ಮೆಸ್ಸಿಗೆ ನಗು ಬಂತು, ನಾಚಿಕೆಯೂ ಆಯಿತು. ತನಗಿಂತ ಹತ್ತು ವರ್ಷ ದೊಡ್ಡವಳನ್ನು ಹನ್ನೆರಡು ವರ್ಷ ಏಕವಚನದಲ್ಲಿ ಕರೆದಿದ್ದಳು.

"ಎರಡೂ ಯಾಕೆ ಸೇರಿಸ್ತೀರ? ಅದು ವಿಷ."

"ಒಂದೇ ಹಾಕಿದ್ರೆ ನಿಧಾನ. ಎರಡೂ ಹಾಕಿ ಬಾಗಿಲು ಮುಚ್ಚಿದ್ರೆ ಕೊಳೆ ಬೇಗ ಬಿಡುತ್ತೆ. ಆರು ಮನೆ ಆಗಬೇಕಲ್ಲ."

"ಯಾರು ಹೇಳಿಕೊಟ್ರು?"

ಮೆಟ್ಟಿಲಕ್ಕ ಲೋಟವನ್ನು ತಿರುಗಿಸಿದಳು. "ದೊಡ್ಡವರು ಹೇಳಿಕೊಟ್ರು. ಬಿಡಿ, ಯಾರಾದ್ರೇನು."

"ಬಾಟಲಿ ಮೇಲೆ ಬರೆದಿರುತ್ತೆ, ಬೇರೆ ಏನೂ ಸೇರಿಸಬಾರದು ಅಂತ."

"ನನಗೂ ಓದೋಕೆ ಬರುತ್ತಕ್ಕ. ಆ ಅಕ್ಷರ ಇರುವೆ ಥರ ಇರುತ್ತೆ. ಓದೋಕೆ ನಿಂತ್ರೆ, ಏನೇ ಬಾಟಲಿ ಹಿಡ್ಕೊಂಡು ನಿದ್ದೆ ಮಾಡ್ತಿದ್ದೀಯಾ ಅಂತೀರ. ನೀವು ಓದಿದ್ರಾ?"

ಎಮ್ಮೆಸ್ಸಿ ಓದಿರಲಿಲ್ಲ. ಅವಳಿಗೆ ಓದುವ ಅಗತ್ಯವೇ ಇರಲಿಲ್ಲ. ಆ ಸಮೀಕರಣವನ್ನು ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತೆಗೆದವಳು ಅವಳು. ಆ ಸಮೀಕರಣ ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಬಚ್ಚಲಿಗೆ ಬಂದಿರಲಿಲ್ಲ. ಅದರ ಜಾಗ ನೋಟುಪುಸ್ತಕದಲ್ಲಿ, ಪ್ರಯೋಗಾಲಯದಲ್ಲಿ. ಬಚ್ಚಲು ಮೆಟ್ಟಿಲಕ್ಕನ ಜಾಗ. ಆ ಬಾಗಿಲು ಮುಚ್ಚಿದ್ದರೆ ಒಳಗೆ ಕೆಲಸ ನಡೆಯುತ್ತಿದೆ ಎಂದರ್ಥ, ಅಷ್ಟಕ್ಕೇ ಅವಳಿಗೆ ನೆಮ್ಮದಿಯಾಗಿತ್ತು.

ಮಧ್ಯಾಹ್ನ ಅನಿಲವೆಲ್ಲ ಹೋದ ಮೇಲೆ ಒಂದು ಬಿಳಿ ಬಟ್ಟೆ ತೆಗೆದುಕೊಂಡು ಬಚ್ಚಲ ಮೂಲೆ ಒರೆಸಿ ನೋಡಿದಳು. ಬಟ್ಟೆ ಹಳದಿ ಮಿಶ್ರಿತ ಬೂದಿಯಾಯಿತು. ಉಸಿರು ಕಟ್ಟುವ ಕಡೆ ಯಾರು ತಾನೇ ಮೂಲೆ ಉಜ್ಜುತ್ತಾ ಕೂರುತ್ತಾರೆ? ಆ ಬಟ್ಟೆಯನ್ನು ಒಗೆಯದೆ ಮಡಿಸಿಟ್ಟಳು.

ಮರುದಿನದಿಂದ ಬಕೆಟ್ಟಿನಲ್ಲಿ ಆಸಿಡ್ ಮಾತ್ರ. ಬ್ಲೀಚಿಂಗ್ ಪುಡಿ ಮನೆಯಲ್ಲೇ ಇಲ್ಲ. ಬಾಗಿಲು ತೆರೆದಿಟ್ಟು, ಅದನ್ನು ಹಾಕಿ ಹತ್ತು ನಿಮಿಷ ಬಿಟ್ಟು, ಉಜ್ಜಿ, ಎರಡು ಸಲ ನೀರು ಹಾಕಬೇಕು. ಬೇರೆ ಮನೆಗಳಲ್ಲೂ ಹಾಗೇ ಮಾಡಿ ಎಂದು ಮೆಟ್ಟಿಲಕ್ಕನಿಗೆ ಹೇಳಿದಳು. ಹೇಳಿದ ಮೇಲೆ ಹಗುರಾದಳು. ಓದು ಒಬ್ಬರ ಉಪಯೋಗಕ್ಕಾದರೂ ಬಂತಲ್ಲ ಎಂದುಕೊಂಡಳು.

ಆ ಹಗುರ ನಾಲ್ಕು ದಿನವೂ ಉಳಿಯಲಿಲ್ಲ. ಗುರುವಾರ ಎದುರುಮನೆಯಾಕೆ ಬಾಗಿಲು ತಟ್ಟಿದಳು.

"ನಿಮ್ಮ ಮೆಟ್ಟಿಲಕ್ಕ ಈಗ ಬರೀ ನೀರು ಚಿಮುಕಿಸಿ ಹೋಗ್ತಾಳೆ ನೋಡಿ. ವಾಸನೇನೇ ಇಲ್ಲ."

"ಕೊಳೆ ಇದೆಯಾ?"

"ಅದನ್ನ ಬಗ್ಗಿ ನೋಡೋರು ಯಾರು? ಮೂಗಿಗೆ ಗೊತ್ತಾಗಲ್ವಾ? ಬಾಗಿಲಲ್ಲಿ ನಿಂತ್ರೆ ಘಮ್ ಅಂತ ಹೊಡೀಬೇಕು. ಆಗ ತೊಳೆದಿದ್ದಾಳೆ ಅಂತ. ಮೊದಲೇ ಆ ಕೆಮ್ಮು ಬೇರೆ. ನಾನು ನಿಮ್ಮೆಜಮಾನರ ಹತ್ರ ಹೇಳಿದ್ದೀನಿ, ಮೀಟಿಂಗಲ್ಲಿ ತೀರ್ಮಾನ ಆಗ್ಲಿ ಅಂತ."

ಎಮ್ಮೆಸ್ಸಿಯ ಗಂಡ ಕಟ್ಟಡದ ಸಮಿತಿಯ ಕಾರ್ಯದರ್ಶಿ. ಸಂಜೆ ಅವನು ನೋಟಿಸು ಬರೆಯುತ್ತ ಕೂತಿದ್ದ. ಭಾನುವಾರ ಹತ್ತಕ್ಕೆ ಸಭೆ. ವಿಷಯ: ಕೆಲಸದಾಕೆಯ ಬದಲಾವಣೆ.

"ಆರು ಮನೆ ಕೆಲಸ ಒಟ್ಟಿಗೆ ಹೋದ್ರೆ ಮೆಟ್ಟಿಲಕ್ಕ ಏನ್ ಮಾಡ್ತಾರೆ?" ಎಂದಳು ಎಮ್ಮೆಸ್ಸಿ.

"ನಾನೇನ್ ಮಾಡ್ಲಿ? ನಾಲ್ಕು ಮನೆಯವರು ದೂರು ಹೇಳಿದ್ದಾರೆ. ಒಂದು, ಕೆಮ್ಮು. ಎರಡು, ಕೆಲಸ ಸರಿ ಇಲ್ಲ. ಮೂರು, ಲೇಟು."

"ಲೇಟು ಯಾಕಾಯ್ತು ಗೊತ್ತಾ?"

ಗೊತ್ತಿರಲಿಲ್ಲ. ನಿಜವಾಗಿ ಅವಳಿಗೂ ಗೊತ್ತಿರಲಿಲ್ಲ. ಮರುದಿನ ಮೆಟ್ಟಿಲಕ್ಕನನ್ನು ಕೇಳಿದಾಗ ಅವಳು ಬ್ರಷ್ಷು ಕೆಳಗಿಟ್ಟು ಸೊಂಟಕ್ಕೆ ಕೈಕೊಟ್ಟು ನಿಂತಳು.

"ಹತ್ತು ನಿಮಿಷ ಬಿಡಿ ಅಂದ್ರಲ್ಲ ಅಕ್ಕ, ಅದು ಯಾರ ಹತ್ತು ನಿಮಿಷ? ನಿಮ್ಮದೋ ನನ್ನದೋ? ಆರು ಮನೇಲಿ ಹತ್ತತ್ತು ನಿಮಿಷ ಗೋಡೆ ನೋಡ್ತಾ ನಿಂತ್ರೆ ಒಂದು ಗಂಟೆ. ಹನ್ನೆರಡಾಯ್ತು. ಆ ಕಡೆ ಕಟ್ಟಡದವರು ಬಾಗಿಲು ಹಾಕ್ಕೊಂಡು ಮಲಗಿರ್ತಾರೆ. ಈಗ ಇಲ್ಲೂ ಬೈಗುಳ, ಅಲ್ಲೂ ಬೈಗುಳ. ನೀವು ನನ್ನ ಉಸಿರು ಉಳಿಸಿದ್ರಿ, ಸರಿ. ಅನ್ನ ಉಳಿಸೋದು ಹೇಗೆ?"

ಎಮ್ಮೆಸ್ಸಿ ಹತ್ತು ನಿಮಿಷ ಎಂದು ಪ್ರಯೋಗಾಲಯದಲ್ಲಿ ಹೇಳಿದ ಹಾಗೇ ಹೇಳಿಬಿಟ್ಟಿದ್ದಳು. ಪ್ರಯೋಗಾಲಯದಲ್ಲಿ ಕಾಯುವ ಹೊತ್ತಿಗೂ ಸಂಬಳ ಸಿಗುತ್ತಿತ್ತು.

ಶನಿವಾರ ಅವಳು ಮೆಟ್ಟಿಲಕ್ಕನನ್ನು ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ಎದೆಯ ಚಿತ್ರ ತೆಗೆಸಿ, ಕಫ ಪರೀಕ್ಷೆ ಮಾಡಿಸಿ, ಇದು ಅಂಟುವ ರೋಗವಲ್ಲ, ಶ್ವಾಸನಾಳ ಸುಟ್ಟ ಹಾಗಾಗಿದೆ, ಇನ್ನು ಆ ಹೊಗೆ ತಾಗಲೇಕೂಡದು ಎಂದು ಬರೆದುಕೊಟ್ಟರು. ಎಮ್ಮೆಸ್ಸಿ ಮನೆಗೆ ಬಂದಾಗ ಎರಡು ಗಂಟೆ. ಊಟ ಬಡಿಸಿರಲಿಲ್ಲ.

"ಓದಿ ಓದಿ ಕೊನೆಗೆ ಬಚ್ಚಲು ತೊಳೆಯೋರ ಹಿಂದೆ ಸುತ್ತೋದಾ?" ಎಂದರು ಅತ್ತೆ. ಮಾತಿನ ಕೊನೆಗೆ ಅವರಿಗೂ ಕೆಮ್ಮು ಬಂತು. ಅದು ಹಳೆಯ ಕೆಮ್ಮು. ವಯಸ್ಸಿನದು ಎಂದು ಮನೆಯವರೆಲ್ಲ ಎಂದೋ ತೀರ್ಮಾನಿಸಿ ಆಗಿತ್ತು. ಸೊಸೆ ನೀರು ತಂದುಕೊಟ್ಟಳು. ಲೋಟ ಹಿಡಿದುಕೊಂಡು ಅತ್ತೆ, "ಡಾಕ್ಟ್ರು ಏನಂದ್ರು?" ಎಂದು ಕೇಳಿದರು. ಹೇಳಿದಳು. ಅತ್ತೆ ಆ ದಿನ ಬಡಿಸಿದ್ದರಲ್ಲಿ ಉಪ್ಪು ಕಮ್ಮಿಯೆಂದು ಹೇಳಲಿಲ್ಲ.

ಸಭೆ ಕೆಳಗೆ ವಾಹನ ನಿಲ್ಲಿಸುವ ಜಾಗದಲ್ಲಿ. ಪ್ಲಾಸ್ಟಿಕ್ ಕುರ್ಚಿಗಳು. ಐದು ಮನೆಯಿಂದ ಗಂಡಸರು, ಎದುರುಮನೆಯಿಂದ ಮಾತ್ರ ಹೆಂಗಸು, ಯಾಕೆಂದರೆ ಅವಳ ಗಂಡ ಪರಸ್ಥಳದಲ್ಲಿ. ಬಚ್ಚಲು ಹೇಗೆ ತೊಳೆಯಬೇಕೆಂದು ತೀರ್ಮಾನಿಸಲು ಕೂತ ಐವರು ಗಂಡಸರಲ್ಲಿ ಒಬ್ಬರೂ ಬ್ರಷ್ಷು ಹಿಡಿದವರಲ್ಲ. ಎಮ್ಮೆಸ್ಸಿ ಕೈಯಲ್ಲಿ ಚೀಟಿ ಹಿಡಿದು ಬಂದು ನಿಂತಳು. ಹಿಂದೆಯೇ ಅತ್ತೆ ಮೆಟ್ಟಿಲಿಳಿದು ಬಂದರು. "ಎಮ್ಮೆಸ್ಸಿ, ನನಗೊಂದು ಕುರ್ಚಿ ಹಾಕು" ಎಂದರು.

ಮೆಟ್ಟಿಲಕ್ಕ ಮೆಟ್ಟಿಲಿನ ಕೊನೆಯಲ್ಲಿ ಕೂತಿದ್ದಳು. ಅವಳಿಗೆ ಕುರ್ಚಿ ಇರಲಿಲ್ಲ.

ಗಂಡ ಗಂಟಲು ಸರಿಮಾಡಿಕೊಂಡು ನೋಟಿಸು ಓದಿದ. ಮೂರನೇ ಮಹಡಿಯ ನಿವೃತ್ತ ಎಂಜಿನಿಯರು, "ಮಕ್ಕಳಿರೋ ಕಟ್ಟಡ. ಕೆಮ್ಮು ಅಂದ್ರೆ ಏನು ಬೇಕಾದ್ರೂ ಇರಬಹುದು" ಎಂದರು.

ಎಮ್ಮೆಸ್ಸಿ ಡಾಕ್ಟರ ಚೀಟಿ ಕೊಟ್ಟಳು. "ಇದು ಅಂಟೋ ಕೆಮ್ಮಲ್ಲ. ನಾವು ಕೊಟ್ಟ ಕೆಮ್ಮು." ಆಮೇಲೆ ಎರಡು ಬಟ್ಟೆ ತೆಗೆದು ಕುರ್ಚಿಯ ಮೇಲೆ ಹರಡಿದಳು. ಒಂದು ಬೂದಿ, ಒಂದು ಬಿಳಿ. "ಎರಡೂ ನಮ್ಮನೆ ಬಚ್ಚಲಿಂದು. ಇದು ಘಮ್ ಅಂತ ಹೊಡೀತಿದ್ದ ದಿನದ್ದು. ಇದು ವಾಸನೆ ಇಲ್ಲದ ದಿನದ್ದು. ಕೆಲಸ ಆಗಿದ್ಯಾ ಅಂತ ನೋಡೋಕೆ ಮೂಗು ಸಾಲದು, ಬಗ್ಗಬೇಕು."

ಯಾರೋ ನಕ್ಕರು. ಎಂಜಿನಿಯರು ಬಟ್ಟೆ ಎತ್ತಿ ನೋಡಿದರು, ಮೂಸಿಯೂ ನೋಡಿದರು.

"ಎರಡನ್ನೂ ಸೇರಿಸಿದ್ರೆ ವಿಷ ಅನಿಲ ಬರುತ್ತೆ. ಯಾವ ಮನೇಲೂ ಒಂದಕ್ಕಿಂತ ಹೆಚ್ಚು ಇರಕೂಡದು. ಒಂದೇ ಹಾಕಿದ್ರೆ ಹತ್ತು ನಿಮಿಷ ಬಿಡಬೇಕು. ಆ ಹತ್ತು ನಿಮಿಷ ಅವರ ಹತ್ರ ಇಲ್ಲ, ನಮ್ಮ ಹತ್ರ ಇದೆ. ಅವರು ಬರೋ ಹತ್ತು ನಿಮಿಷ ಮುಂಚೆ ಪ್ರತಿ ಮನೇಲೂ ಯಾರಾದ್ರೂ ಒಬ್ಬರು ಹಾಕಿ, ಬಾಗಿಲು ತೆರೆದಿಡಬೇಕು. ಅಷ್ಟೇ."

"ಆಯ್ತು, ನಮ್ಮನೆಯವಳಿಗೆ ಹೇಳ್ತೀನಿ" ಎಂದರು ಎಂಜಿನಿಯರು.

"ಬೆಳಿಗ್ಗೆ ಅವರು ಒಲೆ ಮುಂದೆ ಇರ್ತಾರೆ. ನೀವು?"

"ನಾನು... ವಾಕಿಂಗಿಗೆ ಹೊರಟಿರ್ತೀನಿ."

"ಹಾಕಿ ಹೊರಡಿ. ಬಾಟಲಿ ಬಗ್ಗಿಸೋಕೆ ಎಮ್ಮೆಸ್ಸಿ ಬೇಕಾಗಿಲ್ಲ."

ಈ ಸಲ ಎಲ್ಲರೂ ನಕ್ಕರು, ಎಂಜಿನಿಯರೂ ಸೇರಿ. ಎದುರುಮನೆಯಾಕೆ ಮಾತ್ರ ನಗಲಿಲ್ಲ. "ಎರಡೂ ಸೇರಿಸು ಅಂತ ನಾವ್ಯಾರೂ ಹೇಳಿಲ್ಲವಲ್ಲ. ಬೇಗ ಮುಗಿಸೋಕೆ ಅವಳೇ ಮಾಡ್ಕೊಂಡಿದ್ದು. ಅದಕ್ಕೆ ನಾವು ಹೊಣೆನಾ? ಅವಳ ಬುದ್ಧಿ ಅದು."

ಎಲ್ಲರೂ ಮೆಟ್ಟಿಲಕ್ಕನ ಕಡೆ ನೋಡಿದರು. ಅವಳು ತನ್ನ ಕೈಬೆರಳು ನೋಡುತ್ತ ಕೂತಿದ್ದಳು.

"ಅವಳ ಬುದ್ಧಿ ಅಲ್ಲ" ಎಂದರು ಅತ್ತೆ. "ನಾನು ಹೇಳಿಕೊಟ್ಟಿದ್ದು."

ಎಮ್ಮೆಸ್ಸಿ ತಿರುಗಿ ನೋಡಿದಳು.

"ಅವಳು ಕೆಲಸಕ್ಕೆ ಬಂದ ಮೊದಲನೇ ದಿನ. ಇಷ್ಟೊತ್ತು ಉಜ್ಜಿದ್ರೆ ಆರು ಮನೆ ಯಾವಾಗ ಮುಗಿಸ್ತೀಯ, ಎರಡೂ ಸೇರಿಸು, ಬೇಗ ಬಿಡುತ್ತೆ ಅಂದೆ. ಅದಕ್ಕೆ ಮುಂಚೆ ಇಪ್ಪತ್ತು ವರ್ಷ ನಾನೂ ಹಾಗೇ ತೊಳ್ದಿದ್ದು. ಎಂಟಕ್ಕೆ ಎಲ್ಲರಿಗೂ ತಿಂಡಿ ಆಗಬೇಕಿತ್ತು, ಅಷ್ಟರೊಳಗೆ ಬಚ್ಚಲೂ ಆಗಬೇಕಿತ್ತು. ಕೆಮ್ಮು ಬಂದ್ರೆ ಬಟ್ಟೆ ಕಟ್ಕೋತಿದ್ದೆ. ಅದನ್ನೂ ಅವಳಿಗೆ ನಾನೇ ಹೇಳಿಕೊಟ್ಟೆ."

ಗಂಡನ ಕೈಯಲ್ಲಿದ್ದ ನೋಟಿಸು ಕೆಳಗಿಳಿಯಿತು. "ಅಮ್ಮ, ನೀನೇ ನಿನ್ನ ಕೆಮ್ಮು ವಯಸ್ಸಿಂದು ಅಂತಿದ್ದೆ..."

"ನಾನಂದಿಲ್ಲಪ್ಪ. ನೀನಂದೆ."

ಆಮೇಲೆ ಎಂಜಿನಿಯರು, ಮೆಟ್ಟಿಲಕ್ಕ ಎಷ್ಟು ಹೊತ್ತಿಗೆ ಯಾವ ಮನೆಗೆ ಹೋಗುತ್ತಾಳೆ ಎಂದು ಕೇಳಿ, ನೋಟಿಸಿನ ಹಿಂಬದಿಗೇ ಬರೆಯತೊಡಗಿದರು. ಏಳಕ್ಕೆ ಒಂದು, ಏಳೂ ನಲವತ್ತಕ್ಕೆ ಇನ್ನೊಂದು. ಹೇಳುವಾಗ ಮೆಟ್ಟಿಲಕ್ಕ ಎದ್ದು ಬಂದು ಪಕ್ಕದಲ್ಲಿ ನಿಂತಳು. ಮಧ್ಯೆ ಒಮ್ಮೆ, "ಅಲ್ಲ ಸಾರ್, ನಿಮ್ಮನೆ ಮೂರನೆಯದು, ನೀವು ಯಾವತ್ತೂ ನೋಡಿಲ್ಲ" ಎಂದಳು. ಐದು ಮನೆ ಒಪ್ಪಿದವು. ಎದುರುಮನೆಯಾಕೆ ಎದ್ದು ಹೋದಳು. ಮುಂದಿನ ವಾರ ಬೇರೊಬ್ಬಳನ್ನು ಇಟ್ಟುಕೊಂಡಳು.

ಸೋಮವಾರ ಬೆಳಿಗ್ಗೆ ಏಳಕ್ಕೆ ಹತ್ತು ನಿಮಿಷವಿರುವಾಗ ಕಾರ್ಯದರ್ಶಿಗಳು ತೋಳು ಮಡಚಿ, ಮುಖ ಸಿಂಡರಿಸಿ, ಬಾಟಲಿ ಬಗ್ಗಿಸಿ ಹೊರಬಂದು, ಯುದ್ಧ ಗೆದ್ದವರ ಹಾಗೆ ಬಾಗಿಲಲ್ಲಿ ನಿಂತರು. "ಆಯ್ತು ನೋಡು."

"ಬಾಟಲಿ ಮುಚ್ಚಳ ಯಾರು ಹಾಕ್ತಾರೆ?" ಎಂದಳು ಎಮ್ಮೆಸ್ಸಿ.

ಹೀಗೆ ಒಂದು ತಿಂಗಳು. ಮೆಟ್ಟಿಲಕ್ಕನ ಕೆಮ್ಮು ಪೂರ್ತಿ ಹೋಗಲಿಲ್ಲ, ಆದರೆ ಗೋಡೆ ಹಿಡಿದು ನಿಲ್ಲುವುದು ನಿಂತಿತು. ಐದು ಮನೆ, ಇನ್ನೊಂದು ಕಟ್ಟಡ, ಎರಡೂ ಉಳಿದವು. ಅತ್ತೆಯನ್ನೂ ಎಮ್ಮೆಸ್ಸಿ ಅದೇ ಡಾಕ್ಟರ ಬಳಿಗೆ ಕರೆದೊಯ್ದಳು. ಇಷ್ಟು ವರ್ಷವಾದ ಮೇಲೆ ಹೆಚ್ಚೇನೂ ಮಾಡಲಾಗದು ಎಂದರು ಅವರು. ದಾರಿಯಲ್ಲಿ ಅತ್ತೆ, "ನೀನು ಇಪ್ಪತ್ತು ವರ್ಷ ಮುಂಚೆ ಈ ಮನೆಗೆ ಬರಬೇಕಿತ್ತು" ಎಂದರು. ಸ್ವಲ್ಪ ದೂರ ನಡೆದ ಮೇಲೆ, "ಬಂದಿದ್ರೂ ಕೇಳ್ತಿರಲಿಲ್ಲ ಬಿಡು" ಎಂದು ತಾವೇ ಸೇರಿಸಿದರು.

ಹನ್ನೊಂದು ಗಂಟೆಗೆ ಬೀದಿಯ ಕೊನೆಯ ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಮನೆಗೆಲಸದ ಹೆಂಗಸರು ಹತ್ತಾರು ಮಂದಿ ಚಹಾ ಕುಡಿಯುತ್ತ ಕೂರುತ್ತಾರೆ. ಒಂದು ದಿನ ಮೆಟ್ಟಿಲಕ್ಕ ಎಮ್ಮೆಸ್ಸಿಯನ್ನು ಅಲ್ಲಿಗೆ ಕರೆದೊಯ್ದಳು. ದಾರಿಯಲ್ಲೇ ಎಚ್ಚರಿಸಿದಳು, "ಅಕ್ಕ, ಪಾಠ ಮಾಡಬೇಡಿ. ಹದಿನೈದು ನಿಮಿಷ ಇರುತ್ತೆ ಅವರಿಗೆ. ಅದರಲ್ಲಿ ಚಹಾನೂ ಕುಡೀಬೇಕು."

ಎಮ್ಮೆಸ್ಸಿ ನಿಲ್ಲದೆ ಮೆಟ್ಟಿಲ ಮೇಲೇ ಕೂತಳು. ಸಮೀಕರಣದ ಗೋಜಿಗೆ ಹೋಗಲಿಲ್ಲ. ಯಾವ ಎರಡನ್ನು ಸೇರಿಸಬಾರದು, ತಪ್ಪಿ ಸೇರಿದರೆ ಬ್ರಷ್ಷು ಅಲ್ಲೇ ಬಿಟ್ಟು ಹೇಗೆ ಹೊರಗೆ ಬರಬೇಕು, ಅಷ್ಟನ್ನೇ ಹೇಳಿದಳು. ಹೆಂಗಸರು ತಲೆಯಾಡಿಸಿದರು. ಹಲವರಿಗೆ ಇದು ಎದೆಗೆ ಗೊತ್ತಿದ್ದದ್ದೇ. ಅದಕ್ಕೊಂದು ಕಾರಣವಿದೆಯೆಂದು ಮಾತ್ರ ಗೊತ್ತಿರಲಿಲ್ಲ.

ಕೊನೆಯ ಮೆಟ್ಟಿಲಲ್ಲಿ ಕೂತಿದ್ದವಳು ಲೋಟ ಕೆಳಗಿಟ್ಟಳು. ಎದುರುಮನೆಗೆ ಹೊಸದಾಗಿ ಸೇರಿದವಳು ಅವಳೇ. ಮಾತಾಡುವ ಮುಂಚೆ ಒಮ್ಮೆ ಕೆಮ್ಮಿದಳು.

"ನೀವು ಹೇಳೋದೆಲ್ಲ ಸರಿ. ವಾಸನೆ ಬರದೇ ಇದ್ರೆ ನಮ್ಮಮ್ಮಾವ್ರು ಒಪ್ಪಲ್ಲ. ಹತ್ತು ನಿಮಿಷ ಕಾಯೋಕೆ ನನಗೆ ಹೊತ್ತಿಲ್ಲ. ಅವರು ಬಾಟಲಿ ಮುಟ್ಟಲ್ಲ. ನಾನೇನ್ ಮಾಡ್ಲಿ ಹೇಳಿ?"

ಉಳಿದವರೂ ಎಮ್ಮೆಸ್ಸಿಯ ಮುಖ ನೋಡಿದರು. ಆ ಪ್ರಶ್ನೆ ಯಾವ ಪರೀಕ್ಷೆಯಲ್ಲೂ ಬಂದಿರಲಿಲ್ಲ.

"ನಾಳೆ ಎಷ್ಟೊತ್ತಿಗೆ ಹೋಗ್ತೀರ ಅಲ್ಲಿಗೆ?"

"ಎಂಟೂವರೆಗೆ."

ಎಂಟೂವರೆ ಎಂದರೆ ಮನೆಯಲ್ಲಿ ಮಗಳ ಡಬ್ಬಿ, ಗಂಡನ ತಿಂಡಿ, ಅತ್ತೆಯ ಮಾತ್ರೆ. ಎಮ್ಮೆಸ್ಸಿ ಒಂದು ಗಳಿಗೆ ಅದನ್ನೆಲ್ಲ ಮನಸ್ಸಿನಲ್ಲೇ ಬೇರೆ ಕೈಗಳಿಗೆ ಹಂಚಿದಳು.

"ಎಂಟೂ ಇಪ್ಪತ್ತಕ್ಕೆ ನಾನು ಅವರ ಬಾಗಿಲಲ್ಲಿ ಇರ್ತೀನಿ" ಎಂದಳು. "ಬಿಳಿ ಬಟ್ಟೆ ತರ್ತೀನಿ."